ಹಾಜರಿ ಪುಸ್ತಕದ ಕೆಂಪು ಗೆರೆ



ಕಚೇರಿಯ ಗಡಿಯಾರ ಎಲ್ಲರಿಗೂ ಒಂದೇ ಎಂಬ ನಂಬಿಕೆಯನ್ನು ನಾನೂ ಬಹುಕಾಲ ಹೊತ್ತಿದ್ದವನು. ಕಚೇರಿಯೊಂದರಲ್ಲಿ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತು, ಹತ್ತು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಕೆಂಪು ಗೆರೆ ಎಳೆಯುವುದು ನನ್ನ ಕರ್ತವ್ಯವಾಗಿತ್ತು. ಮೂರು ಗೆರೆಗೆ ಒಂದು ದಿನದ ರಜೆ ಕಡಿತ; ಅದು ನಮ್ಮಲ್ಲಿಯ ಪದ್ಧತಿ.

1994ರ ಮಾತು. ಬೋಗಾದಿಯಿಂದ ಬರುತ್ತಿದ್ದ ಗುಮಾಸ್ತರೊಬ್ಬರ ಹೆಸರಿನ ಮುಂದೆ ಆ ಗೆರೆ ಪದೇ ಪದೇ ಬೀಳುತ್ತಿತ್ತು. ಬಾಲ್ಯದ ಪೋಲಿಯೋದಿಂದ ಅವರ ಒಂದು ಕಾಲು ಸೋತಿತ್ತು. ಬೆಳಗಿನ ಜನಜಂಗುಳಿಯಲ್ಲಿ ಬಸ್ಸಿನ ಎತ್ತರದ ಮೆಟ್ಟಿಲೇರಲಾಗದೆ ಎರಡು ಮೂರು ಬಸ್ಸುಗಳನ್ನು ಬಿಟ್ಟು ಬರುತ್ತಿದ್ದರು. ಒಂದು ದಿನ ಅವರು ಬಂದು, “ಸಾರ್, ಹನ್ನೊಂದಕ್ಕೆ ಬಂದು ಸಂಜೆ ಒಂದು ಗಂಟೆ ಹೆಚ್ಚಿಗೆ ಕೂರುತ್ತೇನೆ, ಎರಡು ಹೊತ್ತೂ ಬಸ್ಸು ಖಾಲಿ ಇರುತ್ತದೆ” ಎಂದರು. “ನಿಮಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರಲ್ಲ” ಎಂದೆ ನಾನು. ಅವರು ಮತ್ತೆ ಕೇಳಲಿಲ್ಲ. ಆ ವರ್ಷದ ರಜೆಯೆಲ್ಲ ಗೆರೆಗಳಿಗೇ ಸಂದಿತು. ವರ್ಷದ ಕೊನೆಯಲ್ಲಿ ಅವರ ತಾಯಿ ಹಾಸಿಗೆ ಹಿಡಿದಾಗ, ಪಕ್ಕದಲ್ಲಿ ಕೂರಲು ಅವರಿಗೆ ಒಂದು ದಿನವೂ ಉಳಿದಿರಲಿಲ್ಲ.

ಮರುವರ್ಷ, 1995ರಲ್ಲಿ, ಅಂಗವಿಕಲರಿಗಾಗಿ ಒಂದು ಕಾಯಿದೆ ಬಂದಿತು. ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿ, ಸರ್ಕಾರಿ ಹುದ್ದೆಗಳಲ್ಲಿ ಶೇಕಡ 3ರಷ್ಟು ಸ್ಥಾನವನ್ನು ಮೀಸಲಿಟ್ಟಿತು. ಬಾಗಿಲು ತೆರೆಯಿತು, ನಿಜ. ಒಳಗೆ ಬಂದವನು ಹೇಗೆ ಕೆಲಸ ಮಾಡಬೇಕು? ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು 2016ರ ಹೊಸ ಕಾಯಿದೆ. ಅದರಲ್ಲಿ ವೈಕಲ್ಯಗಳು 21, ಮೀಸಲು ಶೇಕಡ 4. ಅದಕ್ಕಿಂತ ಮಿಗಿಲಾಗಿ, ಅಂಗವಿಕಲ ನೌಕರರಿಗೆ ಸಮಂಜಸವಾದ ಹೊಂದಾಣಿಕೆ ಮಾಡಿಕೊಡುವುದು ಸರ್ಕಾರಿ ಸಂಸ್ಥೆಗಳ ಹೊಣೆಯೆಂದು ಅದರ 20ನೆಯ ಕಲಮು ವಿಧಿಸುತ್ತದೆ. ಸಂಸ್ಥೆಯ ಮೇಲೆ ಅಳತೆ ಮೀರಿದ ಹೊರೆ ಬೀಳದಂತೆ, ಆ ವ್ಯಕ್ತಿಗೆ ಅಗತ್ಯವಾದ ಮಾರ್ಪಾಡು ಎಂಬುದೇ ಅದರ ಅರ್ಥ.

ಕಾಯಿದೆಯಲ್ಲಿ ಗಡಿಯಾರದ ಹೆಸರಿಲ್ಲ. ಆದರೆ ಇಳಿಜಾರು ಹಾದಿ, ಅಗಲದ ಬಾಗಿಲುಗಳಷ್ಟೇ ಹೊಂದಾಣಿಕೆಯಲ್ಲ. ಥಲಸೀಮಿಯಾ ಇರುವವರು ಕೆಲವು ವಾರಗಳಿಗೊಮ್ಮೆ ರಕ್ತ ಪಡೆಯಲು ಆಸ್ಪತ್ರೆಯಲ್ಲಿ ಕೂರಬೇಕಾಗುತ್ತದೆ. ಪಾರ್ಕಿನ್ಸನ್ ರೋಗಿಯ ಕೈ ಮದ್ದಿನ ಹೊತ್ತಿಗೆ ತಕ್ಕಂತೆ ಆಡುತ್ತದೆ. ಇವೆರಡೂ ಆ 21ರಲ್ಲಿ ಸೇರಿವೆ. ಇಂಥವರಿಗೆ ಬೇಕಾದುದು ಕಟ್ಟಡದ ಬದಲಾವಣೆಗಿಂತ ಹೆಚ್ಚಾಗಿ ವೇಳೆಯ ಬದಲಾವಣೆ. ಅದಕ್ಕೆ ಇಟ್ಟಿಗೆ ಬೇಡ, ಗಾರೆ ಬೇಡ; ಅಧಿಕಾರಿಯ ಒಂದು ರುಜು ಸಾಕು.

“ಎಲ್ಲರೂ ಕೇಳುತ್ತಾರೆ” ಎಂಬ ನನ್ನ ಮಾತಿಗೆ ಈಗ ನಾನೇ ಉತ್ತರ ಹೇಳಿಕೊಳ್ಳುತ್ತೇನೆ: ಎಲ್ಲರ ಕಾಲೂ ಸೋತಿರಲಿಲ್ಲ. ಅವರು ಕೇಳಿದ್ದು ಕೆಲಸದಲ್ಲಿ ವಿನಾಯಿತಿಯನ್ನಲ್ಲ. ಅಷ್ಟೇ ಕೆಲಸವನ್ನು ಒಂದು ಗಂಟೆ ಸರಿಸಿ ಮಾಡುವ ಅವಕಾಶವನ್ನು. ಬರಹಗಾರನ ನೆರವು ಕೋರಿದ ಪರೀಕ್ಷಾರ್ಥಿ ವಿಕಾಸ್ ಕುಮಾರ್ ಅವರ ಮೊಕದ್ದಮೆಯಲ್ಲಿ, 2021ರಲ್ಲಿ, ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿ ಹೇಳಿತು: ಹೊಂದಾಣಿಕೆ ಒಬ್ಬೊಬ್ಬರ ಅಗತ್ಯವನ್ನು ನೋಡಿ, ಅವರನ್ನೇ ಕೇಳಿ ನಿರ್ಧರಿಸಬೇಕಾದದ್ದು.

ನನ್ನನ್ನೂ ಒಬ್ಬರು ಹಾಗೆ ಕೇಳಿದ್ದರು. ನನ್ನ ಕೈಯಲ್ಲಿ ಕೆಂಪು ಲೇಖನಿಯಿತ್ತು. ಇಂದು ಆ ಲೇಖನಿಯನ್ನು ಹಿಡಿದಿರುವವರು, ಗೆರೆ ಎಳೆಯುವ ಮುನ್ನ ಆ ನೌಕರನನ್ನು ಹತ್ತಿರ ಕರೆದು, ಏಕೆ ತಡವಾಯಿತೆಂದು ಕೇಳಲಿ.