ಕಲ್ಲು, ಹಂಚು, ಕಪ್ಪಿನ ತಳ



ಕಾರವಾರ ತಾಲೂಕಿನ ಕದ್ರಾ, ಮಲ್ಲಾಪುರದ ಕಡೆ ಹಳೆಯ ಮನೆಗಳ ಹಿತ್ತಿಲಿಗೆ ಹೋದರೆ ಬಚ್ಚಲಿನ ಪಕ್ಕದಲ್ಲಿ ನಡು ತಗ್ಗಿದ ಕಲ್ಲೊಂದು ಕಣ್ಣಿಗೆ ಬೀಳುವುದುಂಟು. ಅದು ಬಟ್ಟೆ ಒಗೆಯುವ ಕಲ್ಲಲ್ಲ. ಮೂರು ನಾಲ್ಕು ತಲೆಮಾರಿನವರು ಕತ್ತಿ ಮಸೆದು ಮಸೆದು ಸವೆಸಿದ ಕಲ್ಲು. ಇಂಥ ಕಲ್ಲಿನ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಮಸೆಯುವುದು ನಮ್ಮ ನಾಡಿನ ಅತ್ಯಂತ ಹಳೆಯ ಕಸುಬುಗಳಲ್ಲಿ ಒಂದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಬಳ್ಳಾರಿಯ ಹತ್ತಿರ ಸಂಗನಕಲ್ಲು ಇದೆ. ಅಲ್ಲಿನ ಹಿರೇಗುಡ್ಡದಲ್ಲಿ ಸುಮಾರು 3,500 ವರ್ಷಗಳ ಹಿಂದೆ ಕಲ್ಲಿನ ಕೊಡಲಿಗಳು ರಾಶಿರಾಶಿಯಾಗಿ ತಯಾರಾಗುತ್ತಿದ್ದವು. ಡಾಲರೈಟ್ ಎಂಬ ಕಪ್ಪು ಕಲ್ಲನ್ನು ಚಕ್ಕೆ ಎಬ್ಬಿಸಿ ಕೊಡಲಿಯ ಆಕಾರಕ್ಕೆ ತಂದು, ಆಮೇಲೆ ಗ್ರಾನೈಟ್ ಬಂಡೆಯ ಮೇಲೆ ಉಜ್ಜಿ ಅಂಚು ತರುತ್ತಿದ್ದರು. ಉಜ್ಜಿದ ಜಾಗಗಳು ಇಂದಿಗೂ ಬಂಡೆಯ ಮೇಲೆ ನುಣುಪಾದ ಗುಳಿಗಳಾಗಿ ಉಳಿದಿವೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಈ ನೆಲೆಯನ್ನು ಗುರುತಿಸಿದ್ದ. ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಹರಳುಗಳು ತುಂಬಿರುತ್ತವೆ. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚಿಗೆ 7ನೇ ಸ್ಥಾನ. ನಮ್ಮ ಅಡುಗೆಮನೆಯ ಚಾಕುವಿನ ಉಕ್ಕು ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ನಿಲ್ಲುತ್ತದೆ. ಹಾಗಾಗಿ ಬೆಣಚು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಮಸೆಯುವ ಸಾಧನವೂ ಇದ್ದಂತೆ. ಈ ಒಂದು ಸಂಗತಿ ತಿಳಿದರೆ ಮುಂದಿನ ಕಥೆಯೆಲ್ಲ ಸುಲಭ.

ನಮ್ಮ ಕರಾವಳಿಯಲ್ಲಿ ಕಾಲಿಟ್ಟಲ್ಲೆಲ್ಲ ಸಿಗುವುದು ಚಿರೇಕಲ್ಲು. ಗೋಡೆಗೆ ಅದಕ್ಕಿಂತ ಒಳ್ಳೆಯದಿಲ್ಲ, ಮಸೆಯಲು ಮಾತ್ರ ಬಾರದು. ಅದರ ಮೈಯೆಲ್ಲ ತೂತು; ಅಂಚು ಸಿಕ್ಕಿಕೊಂಡು ಮುಕ್ಕಾಗುತ್ತದೆ. ಆದ್ದರಿಂದ ಜನ ಹೊಳೆಗೆ ಹೋದರು. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಕಡಲು ಸೇರುವ ಕಾಳಿ, ಘಟ್ಟದ ಗಟ್ಟಿಕಲ್ಲುಗಳನ್ನು ಉರುಳಿಸಿ ತಂದು ದಂಡೆಗೆ ಹಾಕುತ್ತಿದ್ದಳು. ಅದರಲ್ಲಿ ನಯವಾದ ಕಣದ, ಅಂಗೈಯಗಲದ ಕಲ್ಲನ್ನು ಆರಿಸಿ ಮನೆಗೆ ತರುತ್ತಿದ್ದರು. 1990ರ ದಶಕದ ಕೊನೆಗೆ ಕದ್ರಾದಲ್ಲಿ ಅಣೆಕಟ್ಟು ಎದ್ದಿತು, 150 ಮೆಗಾವಾಟ್ ವಿದ್ಯುತ್ತು ಬಂತು, ಹಿನ್ನೀರಿನಡಿ ಮೇಲಿನ ದಂಡೆಗಳು ಮುಳುಗಿದವು. ದಂಡೆಯ ಜೊತೆ ಅಲ್ಲಿನ ಕಲ್ಲುಗಳೂ ಹೋದವು.

ಅಂಗೈಯಗಲದ ಕಲ್ಲೇ ಯಾಕೆ ಎಂದರೆ, ನಮ್ಮ ಅಡುಗೆಮನೆಯ ಮುಖ್ಯ ಆಯುಧ ಚಾಕುವಲ್ಲ. ಅದು ಮೆಟ್ಟುಗತ್ತಿ, ಕೊಂಕಣಿ ಮನೆಗಳಲ್ಲಿ ಆದೊಳಿ, ಬಯಲುಸೀಮೆಯಲ್ಲಿ ಈಳಿಗೆಮಣೆ. ಅಲಗು ಮಣೆಗೆ ಕಚ್ಚಿಕೊಂಡಿರುತ್ತದೆ. ಬಂಗುಡೆಯನ್ನೋ ಬದನೆಯನ್ನೋ ಅಲಗಿಗೆ ಒಡ್ಡಿ ಕೊಯ್ಯಬೇಕು. ಮೊಂಡಾದಾಗ ಅಲಗನ್ನು ಕಲ್ಲಿನ ಬಳಿ ಒಯ್ಯಲಾಗದು, ಕಲ್ಲೇ ಅಲಗಿನ ಬಳಿ ಬರಬೇಕು. ಮಣೆಯ ಮೇಲೆ ಕಾಲಿಟ್ಟು ಕೂತು, ಒದ್ದೆ ಕಲ್ಲನ್ನು ಬೆರಳ ತುದಿಗಳಲ್ಲಿ ಹಿಡಿದು, ಬಾಗಿದ ಅಲಗಿನ ಬುಡದಿಂದ ತುದಿಯವರೆಗೆ ಒಂದೇ ಓರೆಯಲ್ಲಿ ಸವರಿಕೊಂಡು ಹೋಗುವ ಕೈಚಳಕವನ್ನು ಹೆಂಗಸರು ನೋಡಿ ನೋಡಿಯೇ ಕಲಿತರು. ಯಾವ ಆಚಾರಿಯ ಕುಲುಮೆಯಲ್ಲೂ ಇದನ್ನು ಹೇಳಿಕೊಟ್ಟಿಲ್ಲ.

ಹೊಳೆಗಲ್ಲಿನ ಜಾಗಕ್ಕೆ ಅಣೆಕಟ್ಟಿಗಿಂತ ಬಹು ಮೊದಲೇ ಬಂದದ್ದು ಹಂಚಿನ ಚೂರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಮುಂದೆ ಕರಾವಳಿಯುದ್ದಕ್ಕೂ ಹುಲ್ಲಿನ ಮಾಡುಗಳು ಹಂಚಿನ ಮಾಡುಗಳಾದವು. ಒಡೆದ ಹಂಚು ಇಂಥ ಮನೆಗಳ ಅಂಗಳದಲ್ಲೆಲ್ಲ ಬಿದ್ದಿರುತ್ತದೆ. ಸುಟ್ಟ ಜೇಡಿಯಲ್ಲಿ ಇರುವುದೂ ಅದೇ ಬೆಣಚಿನ ಪುಡಿ. ಮಳೆಗಾಲದಲ್ಲಿ ರಾತ್ರಿ ಬೆಳಗಾಗುವುದರೊಳಗೆ ಕಬ್ಬಿಣಕ್ಕೆ ತುಕ್ಕು ಹತ್ತುವ ಈ ಊರುಗಳಲ್ಲಿ ಹಂಚಿನ ಚೂರು ತುಕ್ಕನ್ನೂ ತೆಗೆಯುತ್ತದೆ, ಅಂಚನ್ನೂ ಕೊಡುತ್ತದೆ. ಆಮೇಲೆ ಒಂದು ಬೆರಳು ತೆಂಗಿನೆಣ್ಣೆ ಸವರಿದರಾಯಿತು.

ಕರಾವಳಿಯಲ್ಲಿ ಕಳ್ಳು ಇಳಿಸುತ್ತಿದ್ದವರದು ಇನ್ನೂ ಸೂಕ್ಷ್ಮವಾದ ವಿದ್ಯೆ. ತೆಂಗಿನ ಹೊಂಬಾಳೆಯ ತುದಿಯನ್ನು ದಿನದಿನವೂ ಕಾಗದದಷ್ಟು ತೆಳುವಾಗಿ ಸವರಬೇಕು. ಕತ್ತಿ ಮೊಂಡಾದರೆ ಹೊಂಬಾಳೆ ಜಜ್ಜಿಹೋಗಿ ರಸ ನಿಲ್ಲುತ್ತದೆ. ಅವರು ಬೆಣಚುಕಲ್ಲನ್ನು ಕುಟ್ಟಿ ಪುಡಿ ಮಾಡಿ, ಮರದ ತುಂಡಿನ ಮೇಲೆ ಉದುರಿಸಿ, ಅದರ ಮೇಲೆ ಕತ್ತಿ ಎಳೆಯುತ್ತಿದ್ದರು. ಇಂದು ಅಂಗಡಿಯಲ್ಲಿ ಮರಳುಕಾಗದ ಎಂದು ಕೊಳ್ಳುತ್ತೇವಲ್ಲ, ಅದೇ ಯುಕ್ತಿ.

ಸಾಣೆಚಕ್ರದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಬೆಣಚಿಗಿಂತ ಗಡಸಾದ, 9ನೇ ಸ್ಥಾನದ ಕುರುಂದದ ಕಲ್ಲು ದಕ್ಷಿಣ ಭಾರತದಲ್ಲಿ ಸಿಗುತ್ತದೆ. ಅದರ ಪುಡಿಯನ್ನು ಅರಗಿನಲ್ಲಿ ಕಲಸಿ ಚಕ್ರ ಮಾಡುತ್ತಿದ್ದರು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಜೇಡಿಯನ್ನೂ ಇದ್ದಿಲಿನಂಥ ಕೋಕನ್ನೂ ವಿದ್ಯುತ್ತಿನಲ್ಲಿ ಕಾಯಿಸಿ ಕಾರ್ಬೊರಂಡಮ್ ಕಂಡುಹಿಡಿದ. ಹಾರ್ಡ್‌ವೇರ್ ಅಂಗಡಿಯ ಬೂದುಬಣ್ಣದ ಮಸೆಗಲ್ಲುಗಳಲ್ಲಿ ಹೆಚ್ಚಿನವು ಅದರ ಸಂತಾನ. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಬರುವ ಸಾಣೆಯವರು ಕಿಡಿ ಹಾರಿಸುವಾಗ ಮಕ್ಕಳು ಸುತ್ತ ನೆರೆಯುತ್ತಾರೆ. ಚಂದವೇನೋ ಚಂದ, ಆದರೆ ಒತ್ತಿ ಹಿಡಿದರೆ ತೆಳ್ಳಗಿನ ಅಂಚು ಕಾದು, ಆಚಾರಿ ಕೊಟ್ಟ ಹದ ಇಳಿದುಹೋಗುತ್ತದೆ. ಕೈಯಲ್ಲಿ ನೀರು ಹಾಕಿ ಮಸೆದರೆ ಆ ಭಯವಿಲ್ಲ.

ಈಗ ಹೊಳೆಗಲ್ಲೂ ಇಲ್ಲ, ಹಂಚೂ ಇಲ್ಲದ ಮನೆಗಳಿವೆ. ಕೈಗಾ ಅಣುಸ್ಥಾವರದ ನೌಕರರ ಕಾಲೊನಿಯಂಥ ಸ್ಲ್ಯಾಬಿನ ಮನೆಯಲ್ಲಿರುವವರಿಗೂ ದಾರಿ ಇದೆ. ಚಹಾದ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ ನೋಡಿ. ತಳದ ಸುತ್ತ ಹೊಳಪಿಲ್ಲದ, ಒರಟಾದ ಒಂದು ಬಳೆ ಕಾಣುತ್ತದೆ. ಭಟ್ಟಿಯಲ್ಲಿ ಸುಡುವಾಗ ಹೊಳಪಿನ ಲೇಪ ಕರಗಿ, ಕೆಳಗಿನ ಹಲಗೆಗೆ ಕಪ್ಪು ಅಂಟದಿರಲಿ ಎಂದು ಅಷ್ಟು ಜಾಗವನ್ನು ಒರೆಸಿ ಬಿಟ್ಟಿರುತ್ತಾರೆ. ಆ ಬಳೆಯೇ ನಯವಾದ ಮಸೆಗಲ್ಲು. ಕಪ್ಪಿನ ಕೆಳಗೆ ಒದ್ದೆ ಬಟ್ಟೆ ಹಾಸಿ. ಚಾಕುವಿನ ಬೆನ್ನನ್ನು ಅರ್ಧ ಕಿರುಬೆರಳ ದಪ್ಪದಷ್ಟು ಎತ್ತಿ, ಬುಡದಿಂದ ತುದಿಗೆ ಹಗುರವಾಗಿ ಎಳೆಯಿರಿ. ಒಂದು ಬದಿಯನ್ನು ಮಸೆದಂತೆ ಎದುರು ಬದಿಯ ಅಂಚಿಗೆ ಉದ್ದಕ್ಕೂ ತೆಳುವಾದ ತರಿ ಏಳುತ್ತದೆ. ಆ ಎದುರು ಬದಿಯನ್ನು ಹೆಬ್ಬೆರಳಿನಿಂದ ಅಡ್ಡಡ್ಡ ಸವರಿದರೆ ಗೊತ್ತಾಗುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ. ತರಿ ಎದ್ದ ಮೇಲೆಯೇ ಇನ್ನೊಂದು ಬದಿಗೆ ಹೋಗಬೇಕು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ, ಅಂಚು ಹಿಂದಾಗುವಂತೆ, ಕೆಲವು ಸಲ ಎಳೆದರೆ ಉಳಿದ ತರಿಯೂ ಹೋಗುತ್ತದೆ. ಕ್ಷೌರದಂಗಡಿಯ ಚರ್ಮದ ಪಟ್ಟಿ ಮಾಡುತ್ತಿದ್ದ ಕೆಲಸವೂ ಇದೇ. ಒಂದು ಚಾಕುವನ್ನು ಇನ್ನೊಂದರ ಬೆನ್ನಿಗೆ ಉಜ್ಜುವ ರೂಢಿಯೂ ಇದೆ. ಅದು ಬಾಗಿದ ಅಂಚನ್ನು ನೆಟ್ಟಗೆ ಮಾಡುತ್ತದೆ, ಪೂರ್ತಿ ಮೊಂಡಾದ ಚಾಕುವಿಗೆ ಅಷ್ಟು ಸಾಲದು.

ಭತ್ತ ಕೊಯ್ಯುವ ಹಲ್ಲಿನ ಕುಡುಗೋಲನ್ನು ಮಾತ್ರ ಕಪ್ಪಿಗೂ ಕಲ್ಲಿಗೂ ಒಡ್ಡಬೇಡಿ, ಹಲ್ಲು ಸವೆದುಹೋಗುತ್ತದೆ. ಸುಗ್ಗಿಗೆ ಮೊದಲೇ ಅದನ್ನು ಆಚಾರಿಯ ಬಳಿ ಒಯ್ದು ಹೊಸ ಹಲ್ಲು ಹಾಕಿಸಿಕೊಳ್ಳಿ.