ಶುಲ್ಕವೂ ವಿದ್ಯೆಯ ಆಯ್ಕೆಯೂ



ವಿಶ್ವವಿದ್ಯಾನಿಲಯದ ಶುಲ್ಕವನ್ನು ಕುರಿತು ಮಾತು ಬಂದಾಗಲೆಲ್ಲ ನಾವು ಸಾಮಾನ್ಯವಾಗಿ ಕೇಳುವುದು ಬಡವಿದ್ಯಾರ್ಥಿಯು ಕಾಲೇಜಿಗೆ ಸೇರಬಲ್ಲನೋ ಇಲ್ಲವೋ ಎಂಬ ಒಂದೇ ಪ್ರಶ್ನೆಯನ್ನು. ಪ್ರಶ್ನೆ ದೊಡ್ಡದೇ ಸರಿ. ಆದರೆ ಶುಲ್ಕದ ಕಾರ್ಯವು ಕಾಲೇಜಿನ ಬಾಗಿಲಲ್ಲಿಯೇ ಮುಗಿಯುವುದಿಲ್ಲ. ಯಾವ ಶಾಸ್ತ್ರವನ್ನು ಓದಬೇಕು, ಯಾವ ಊರಿನಲ್ಲಿ ಓದಬೇಕು, ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಯಾರು ಓದಬೇಕು, ಓದಿದ ಮೇಲೆ ಎಲ್ಲಿ ಉದ್ಯೋಗಕ್ಕೆ ನಿಲ್ಲಬೇಕು, ಇವೆಲ್ಲವನ್ನೂ ಅದು ಸದ್ದಿಲ್ಲದೆ ನಿರ್ಣಯಿಸುತ್ತ ಹೋಗುತ್ತದೆ. ಅದನ್ನೇ ಈ ಹೊತ್ತು ತಮ್ಮ ಮುಂದೆ ಸ್ವಲ್ಪ ಬಿಡಿಸಿ ಹೇಳಬೇಕೆಂದಿದ್ದೇನೆ.

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಯಿತಷ್ಟೆ. ಆ ಕಾಲದಲ್ಲಿ ಹಳ್ಳಿಯಿಂದ ಬಂದ ಹಲವು ವಿದ್ಯಾರ್ಥಿಗಳಿಗೆ ಶುಲ್ಕದಷ್ಟೇ ದೊಡ್ಡದಾಗಿದ್ದುದು ಊಟದ ಚಿಂತೆ. ವಾರಾನ್ನವೆಂಬ ಪದ್ಧತಿಯನ್ನು ತಾವು ಬಲ್ಲಿರಿ: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಏಳು ಮನೆಗಳು ಗೊತ್ತಾದರೆ ಆ ಊರಿನಲ್ಲಿ ಓದು; ಐದೇ ದೊರೆತರೆ ಎರಡು ದಿನ ಉಪವಾಸ. ಎಷ್ಟೋ ಮಂದಿಗೆ ಕಾಲೇಜನ್ನು ಆರಿಸಿಕೊಟ್ಟದ್ದು ನಂಟರ ಮನೆಯ ಜಗಲಿ. ವಾರಾನ್ನವೂ ಎಲ್ಲ ಜಾತಿಯವರಿಗೂ ತೆರೆದಿದ್ದ ಬಾಗಿಲಲ್ಲವೆಂಬುದನ್ನು ಮರೆಯಬಾರದು. ಉಚಿತ ವಿದ್ಯಾರ್ಥಿನಿಲಯಗಳು ಅದಕ್ಕಾಗಿಯೇ ಹುಟ್ಟಬೇಕಾಯಿತು.

ಸ್ವಾತಂತ್ರ್ಯಾನಂತರ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳು ನಮ್ಮಲ್ಲಿ ಬೆಳೆದುವು. 1953ರಲ್ಲಿ ಮಣಿಪಾಲದಲ್ಲಿ ವೈದ್ಯ ಕಾಲೇಜು ಆರಂಭವಾಯಿತು. ಸರಕಾರದ ಬೊಕ್ಕಸವನ್ನೇ ನೆಚ್ಚಿ ಕುಳಿತಿದ್ದರೆ ಈ ನಾಡಿನಲ್ಲಿ ಇಷ್ಟು ಮಂದಿ ವೈದ್ಯರೂ ಇಂಜನಿಯರುಗಳೂ ತಯಾರಾಗುತ್ತಿರಲಿಲ್ಲವೆಂಬುದು ನಿಜ. ಆದರೆ ಆ ದಾರಿಯಲ್ಲಿ ಡೊನೇಷನ್ ಎಂಬ ಮಾತೂ ಕನ್ನಡಕ್ಕೆ ಬಂದು ಸೇರಿತು. ದಾನವೆಂಬ ಅರ್ಥದ ಆ ಪದಕ್ಕೆ ನಮ್ಮವರು ಬಲವಂತದ ವಸೂಲಿಯೆಂಬ ಅರ್ಥವನ್ನು ಹೇಗೆ ಕೂಡಿಸಿದರೆಂಬುದನ್ನು ಭಾಷಾಶಾಸ್ತ್ರಜ್ಞರು ವಿಚಾರಿಸತಕ್ಕದ್ದು. 1984ರಲ್ಲಿ ಕರ್ನಾಟಕ ಶಾಸನಸಭೆಯು ಇದನ್ನು ನಿಷೇಧಿಸಿ ಕಾಯಿದೆ ಮಾಡಿತು. 1989ರಲ್ಲಿ ಸರಕಾರವು ಖಾಸಗಿ ವೈದ್ಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಗೊತ್ತುಪಡಿಸಿತು: ಸರಕಾರದ ಪಾಲಿನ ಸ್ಥಾನಗಳಿಗೆ 2,000 ರೂಪಾಯಿ, ಉಳಿದ ಸ್ಥಾನಗಳಲ್ಲಿ ಕರ್ನಾಟಕದವರಿಗೆ 25,000, ಹೊರಗಿನವರಿಗೆ 60,000ದ ವರೆಗೆ. ಒಂದೇ ತರಗತಿ, ಒಂದೇ ಉಪಾಧ್ಯಾಯ, ಒಂದೇ ಬೆಂಚು. ಬೆಲೆ ಮಾತ್ರ ಮೂರು. ಹೀಗೆ ಹಣ ಕೇಳಿದ್ದರಿಂದ ಪ್ರವೇಶ ತಪ್ಪಿದ ಉತ್ತರದೇಶದ ವಿದ್ಯಾರ್ಥಿನಿಯೊಬ್ಬರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದುದೇ ಮೋಹಿನಿ ಜೈನ್ ಮೊಕದ್ದಮೆ. 1992ರಲ್ಲಿ ನ್ಯಾಯಾಲಯವು ವಿದ್ಯೆಯನ್ನು ಹಕ್ಕೆಂದು ಎತ್ತಿಹಿಡಿಯಿತು. ಮರುವರ್ಷ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ ಆ ಹಕ್ಕನ್ನು ಹದಿನಾಲ್ಕು ವಯಸ್ಸಿನ ವರೆಗೆ ಮಿತಿಗೊಳಿಸಿ, ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಿಗೆ ಒಂದು ಏರ್ಪಾಡನ್ನು ವಿಧಿಸಿತು. ಅರ್ಧ ಸ್ಥಾನಗಳು ಉಚಿತ, ಅರ್ಧ ಹಣದ ಸ್ಥಾನಗಳು. ಎರಡಕ್ಕೂ ಅರ್ಹತೆಯೇ ಆಧಾರ. 1994ರಿಂದ ನಮ್ಮಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯು ನಡೆಯತೊಡಗಿತು.

ನೋಡುವುದಕ್ಕೆ ಇದಕ್ಕಿಂತ ನ್ಯಾಯವಾದ ವ್ಯವಸ್ಥೆ ಯಾವುದು? ಆದರೂ ಪಟ್ಟಿಯ ಮೊದಲ ಸಾಲುಗಳಲ್ಲಿ ಹೆಸರು ಬರುವುದು ಯಾರದು? ಪಟ್ಟಣದಲ್ಲಿ ದುಬಾರಿ ಶಾಲೆಯಲ್ಲಿ ಓದಿ, ಮೇಲೆ ಮನೆಪಾಠಕ್ಕೂ ಹಣ ಸುರಿದವರ ಮಕ್ಕಳದೇ ಹೆಚ್ಚು. ಅವರಿಗೆ ಉಚಿತ ಸ್ಥಾನ. ತಾಲ್ಲೂಕಿನ ಶಾಲೆಯಿಂದ ಬಂದು ಪಟ್ಟಿಯಲ್ಲಿ ಕೆಳಗೆ ನಿಂತವನಿಗೆ ಹಣದ ಸ್ಥಾನ. ಬಡವನು ಕೊಟ್ಟ ಶುಲ್ಕದಿಂದ ಧನಿಕನ ಮಗನು ಓದುವ ಸ್ಥಿತಿ ಒದಗಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ಮಂದಿ ನ್ಯಾಯಾಧೀಶರ ಪೀಠವು ಈ ವೈಪರೀತ್ಯವನ್ನೇ ಎತ್ತಿ ತೋರಿಸಿ ಆ ಏರ್ಪಾಡನ್ನು ರದ್ದುಪಡಿಸಿತು. ಕಾಲೇಜಿನ ಶುಲ್ಕವನ್ನು ಎಷ್ಟೇ ಇಳಿಸಿದರೂ ಅದರ ಹಿಂದಿನ ಮೆಟ್ಟಿಲುಗಳಿಗೆ ಬೆಲೆ ಕಟ್ಟಿದ್ದರೆ, ಇಳಿಸಿದ್ದರ ಲಾಭ ಮೇಲಿದ್ದವರಿಗೇ ಸಲ್ಲುತ್ತದೆಂಬುದು ಇದರಿಂದ ನನಗೆ ತೋರುವ ಅಭಿಪ್ರಾಯ.

ಪ್ರವೇಶದ ದಿನಗಳಲ್ಲಿ ಮೇಜಿನ ಈಚೆ ಕುಳಿತ ನನ್ನಂಥವರಿಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕಗಳಿರುವ ಹುಡುಗಿ ಬಿ.ಎ. ತರಗತಿಗೆ ಅರ್ಜಿ ಹಾಕುತ್ತಾಳೆ. ಕಾರಣ ಕೇಳಿದರೆ “ಇದೇ ಇಷ್ಟ ಸಾರ್” ಎನ್ನುತ್ತಾಳೆ. ತಂದೆ ಪಕ್ಕದಲ್ಲಿ ನಿಂತು ಪ್ರಯೋಗಶಾಲೆಯ ಶುಲ್ಕದ ಅಂಕಿಯನ್ನು ನೋಡುತ್ತಿರುತ್ತಾನೆ. ಅಣ್ಣನು ಇಂಜನಿಯರಿಂಗ್ ಓದುತ್ತಿರುವ ಮನೆಯಲ್ಲಿ ತಂಗಿಯ ಇಷ್ಟವು ಅಗ್ಗದ ಕಡೆಗೇ ತಿರುಗುವುದು ಆಕಸ್ಮಿಕವಲ್ಲ. ನಮ್ಮ ದಾಖಲೆಯ ಪುಸ್ತಕದಲ್ಲಿ ಮಾತ್ರ ಅದು ಸ್ವಂತ ಆಯ್ಕೆಯೆಂದೇ ನಮೂದಾಗುತ್ತದೆ.

ಇಂಗ್ಲೆಂಡಿನ ಅನುಭವವು ಇದಕ್ಕೆ ವಿರುದ್ಧವೆಂದು ಕೆಲವರು ಹೇಳುವುದುಂಟು. ಅಲ್ಲಿ 1998ರಲ್ಲಿ ವರ್ಷಕ್ಕೆ 1,000 ಪೌಂಡಿದ್ದ ಶುಲ್ಕದ ಮಿತಿಯು 2006ರಲ್ಲಿ 3,000ಕ್ಕೂ 2012ರಲ್ಲಿ 9,000ಕ್ಕೂ ಏರಿತು. ಆದರೂ ಬಡಕುಟುಂಬಗಳ ತರುಣರು ಸೇರುವುದು ನಿಲ್ಲಲಿಲ್ಲ. ಯಾಕೆಂದರೆ 2006ರಿಂದೀಚೆಗೆ ಸೇರುವಾಗ ಕೈಯಿಂದ ಹಣ ಕೊಡಬೇಕಾಗಿಲ್ಲ. ಸರಕಾರವೇ ಸಾಲವಾಗಿ ಕೊಟ್ಟು, ಸಂಪಾದನೆಯು ಒಂದು ಮಟ್ಟವನ್ನು ಮೀರಿದ ಮೇಲೆ ಕಂತಿನಲ್ಲಿ ವಸೂಲು ಮಾಡುತ್ತದೆ. ಆದರೆ ಅದೇ ನಾಡಿನಲ್ಲಿ 2010ರಿಂದ ಐದಾರು ವರ್ಷಗಳೊಳಗೆ, ಉದ್ಯೋಗದಲ್ಲಿದ್ದುಕೊಂಡೇ ಬಿಡುವಿನಲ್ಲಿ ಓದಲು ಸೇರುವವರ ಸಂಖ್ಯೆಯು ಸುಮಾರು ಅರ್ಧಕ್ಕೆ ಕುಸಿಯಿತು. ಸಂಸಾರವಿರುವವನು, ಮನೆಸಾಲವಿರುವವನು, ಮತ್ತೊಂದು ಸಾಲಕ್ಕೆ ಧೈರ್ಯಮಾಡಲಿಲ್ಲ. ಹೀಗಾಗಿ ಶುಲ್ಕದ ಮೊತ್ತಕ್ಕಿಂತ ಅದನ್ನು ಯಾವಾಗ, ಯಾವ ರೂಪದಲ್ಲಿ, ಯಾರಿಂದ ಕೇಳುತ್ತೇವೆಂಬುದೇ ಹೆಚ್ಚು ಪರಿಣಾಮಕಾರಿಯೆಂದು ಹೇಳಬೇಕಾಗುತ್ತದೆ.

ನಮ್ಮ ದೇಶದಲ್ಲಿ ಹಣವನ್ನು ಕೇಳುವುದು ಬಾಗಿಲಲ್ಲೇ. ವಿದ್ಯಾರ್ಥಿವೇತನಗಳು ಇಲ್ಲವೆಂದಲ್ಲ, ಪರಿಶಿಷ್ಟ ಜಾತಿಯವರಿಗಾಗಿ 1944ರಲ್ಲಿ ಆರಂಭವಾದ ವೇತನವು ಲಕ್ಷಾಂತರ ಮನೆಗಳಿಗೆ ಮೊದಲ ಪದವೀಧರನನ್ನು ಕೊಟ್ಟಿದೆ. ಆದರೆ ವೇತನವು ಕೈಗೆ ಬರುವುದು ಸಾಮಾನ್ಯವಾಗಿ ಸೇರಿದ ಮೇಲೆ, ಎಷ್ಟೋ ತಿಂಗಳುಗಳ ಮೇಲೆ. ಶುಲ್ಕಕ್ಕಾದರೋ ದಿನವೂ ಗಂಟೆಯೂ ಗೊತ್ತಾಗಿರುತ್ತವೆ. 2024ರ ಜೂನ್ ತಿಂಗಳಿನಲ್ಲಿ ಉತ್ತರಪ್ರದೇಶದ ಒಬ್ಬ ದಿನಗೂಲಿಯ ಮಗನಿಗೆ ಧನಬಾದಿನ ಐ.ಐ.ಟಿ.ಯಲ್ಲಿ ಸ್ಥಾನ ದೊರೆಯಿತು. ಕೊಡಬೇಕಾಗಿದ್ದುದು 17,500 ರೂಪಾಯಿ. ಹಣವನ್ನು ಹೊಂದಿಸುವಷ್ಟರಲ್ಲಿ ಸಂಜೆ ಐದು ಗಂಟೆಯ ಗಡುವು ಮೀರಿ ಸ್ಥಾನವು ಕೈಬಿಟ್ಟುಹೋಯಿತು. ಆತನು ಹಲವು ಬಾಗಿಲುಗಳನ್ನು ತಟ್ಟಿ ಕಡೆಗೆ ಸರ್ವೋಚ್ಚ ನ್ಯಾಯಾಲಯವನ್ನು ಸೇರಿದನು. ಸೆಪ್ಟೆಂಬರ್ 30ರಂದು ನ್ಯಾಯಾಲಯವು ತನ್ನ ವಿಶೇಷಾಧಿಕಾರವನ್ನು ಬಳಸಿ, ಬೇರೆ ಯಾರ ಸ್ಥಾನಕ್ಕೂ ಭಂಗ ಬಾರದಂತೆ ಒಂದು ಹೆಚ್ಚಿನ ಸ್ಥಾನವನ್ನು ಕಲ್ಪಿಸಿ ಆತನನ್ನು ಅದೇ ತರಗತಿಗೆ ಸೇರಿಸಿಕೊಳ್ಳಬೇಕೆಂದು ಆಜ್ಞಾಪಿಸಿತು. ಅಷ್ಟು ಹೊತ್ತಿಗೆ ಮೂರು ತಿಂಗಳುಗಳು ಕಳೆದಿದ್ದುವು.