ಅಪರಾಧಶಾಸ್ತ್ರದ ಪದವಿ ಓದಿ ಏನಾಗಬೇಕು?

(ನಮ್ಮ ಸಂಘದಲ್ಲಿ ನಡೆದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ನಮ್ಮ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು, "ಮಗಳು ಅಪರಾಧಶಾಸ್ತ್ರ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಕಳ್ಳರ, ಕೊಲೆಗಡುಕರ ವಿಷಯ ಓದಿ ಯಾರ ಮನೆ ಬೆಳಗುತ್ತಾಳೆ? ನೀವೇ ಬುದ್ಧಿ ಹೇಳಿ" ಎಂದರು. ಬುದ್ಧಿ ಹೇಳುವ ಮೊದಲು ವಿಷಯ ತಿಳಿದುಕೊಳ್ಳೋಣವೆಂದು ನಾವು ನಾಲ್ಕು ಕಡೆ ವಿಚಾರಿಸಿದೆವು. ತಿಳಿದದ್ದನ್ನು ತಮ್ಮ ಮುಂದಿಡುತ್ತೇವೆ.

ಈ ಪದವಿಯಿಂದ ಯಾರೂ ವಕೀಲರಾಗುವುದಿಲ್ಲ. ಕರಿಕೋಟು ತೊಡಬೇಕಾದರೆ ಪದವಿಯ ಬಳಿಕ ಮೂರು ವರುಷ ಕಾಯಿದೆ ಓದಲೇಬೇಕು. ಪೋಲೀಸ್ ಫೌಜದಾರಿಕೆಯೂ ತಾನಾಗಿ ಬರುವುದಿಲ್ಲ. ಆ ಪರೀಕ್ಷೆಗೆ ಯಾವ ವಿಷಯದ ಪದವೀಧರರಾದರೂ ಕೂಡಬಹುದು. ಪತ್ತೇದಾರಿ ಕಾದಂಬರಿಯ ಗುಂಗಿನಲ್ಲಿ ಸೇರಿದವರಿಗೆ ಮೊದಲ ವರುಷವೇ ನಿರಾಸೆಯಾದೀತು. ಅಲ್ಲಿ ಕಲಿಸುವುದು ಬೇರೆ. ಮನುಷ್ಯ ತಪ್ಪುದಾರಿ ಏಕೆ ಹಿಡಿಯುತ್ತಾನೆ, ಪೋಲೀಸರ ಅಧಿಕಾರ ಎಲ್ಲಿಗೆ ಮುಗಿಯುತ್ತದೆ, ಸೆರೆಮನೆ ಹೇಗೆ ನಡೆಯುತ್ತದೆ, ಬಾಲಾಪರಾಧಿಗಳನ್ನು ಏನು ಮಾಡಬೇಕು, ಮೊದಲ ತಪ್ಪಿಗೆ ಸಿಕ್ಕವನನ್ನು ಜೈಲಿಗೆ ನೂಕದೆ ತಿದ್ದಲು 1958ರಲ್ಲಿ ಆದ ಕಾಯಿದೆ ಏನು ಹೇಳುತ್ತದೆ, ಇಂಥವು. ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದು ತಪ್ಪದೆ ಆಗುತ್ತದೆಂಬ ಖಾತ್ರಿ ಎಂದು ಇಟಲಿಯ ಬೆಕಾರಿಯಾ ಎಂಬವನು 1764ರಲ್ಲೇ ವಾದಿಸಿದ. ವಿದ್ಯಾರ್ಥಿಗಳು ಅವನಿಂದಲೇ ಓದು ಆರಂಭಿಸುವುದು ವಾಡಿಕೆ.

ನಮಗೆ ಇದರ ಗೊಡವೆ ಏಕೆ ಎನ್ನುತ್ತೀರಾ? ಕೆಲವು ವರುಷಗಳ ಹಿಂದೆ ಊರಿನಿಂದ ಬಂದು ಹೋಟೆಲೊಂದರಲ್ಲಿ ದುಡಿಯುತ್ತಿದ್ದ ನಮ್ಮ ಹುಡುಗನೊಬ್ಬನ ಮೇಲೆ ಗಲ್ಲಾದ ಹಣ ಕದ್ದ ಆರೋಪ ಬಂತು. ಅವನಿಗೆ ಮರಾಠಿ ಬಾರದು, ಹಿಂದಿ ಅರೆಬರೆ. ಕೋರ್ಟು ಜಾಮೀನು ಕೊಟ್ಟಿತು. ಆದರೆ ಈ ಮುಂಬಯಿಯಲ್ಲಿ ಕಾಯಂ ವಿಳಾಸ, ಸಂಬಳದ ಚೀಟಿ ಇರುವ ಜಾಮೀನುದಾರ ಅವನಿಗೆಲ್ಲಿ ಸಿಗಬೇಕು? ಜಾಮೀನು ಸಿಕ್ಕ ಮೇಲೂ ಮೂರು ತಿಂಗಳು ಒಳಗೇ ಇದ್ದ. ನಮಗೆ ಸುದ್ದಿ ಮುಟ್ಟಿದ್ದೇ ತಡವಾಗಿ. ಮುಟ್ಟಿದ ಮೇಲೂ ನಾವು ಮಾಡಿದ್ದು ಓಡಾಟ ಮಾತ್ರ, ಏಕೆಂದರೆ ನಮಗೂ ದಾರಿ ಗೊತ್ತಿರಲಿಲ್ಲ.

ಬರಿಯ ಕಳವಿಗೆ, ಮೊದಲ ಸಲವಾದರೆ, ಹೆಚ್ಚೆಂದರೆ ಮೂರು ವರುಷ ಶಿಕ್ಷೆ. ಅದೇ ಕಳವನ್ನು ನೌಕರನು ಧಣಿಯ ಸೊತ್ತಿನಲ್ಲಿ ಮಾಡಿದರೆ ಏಳು ವರುಷದವರೆಗೆ. ಹಳೆಯ ದಂಡಸಂಹಿತೆಯಲ್ಲೂ ಹೀಗೇ ಇತ್ತು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹೀಗೇ ಇದೆ. ದುಡಿಯುವವರಾದ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಬಂಧನದಲ್ಲಿರುವವನಿಗೆ 1987ರ ಕಾಯಿದೆಯಂತೆ ಸರಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ. ಅವನ ಆದಾಯ ಎಷ್ಟೆಂದು ಕೇಳುವಂತಿಲ್ಲ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನ ಪ್ರಕಾರ, ಹಿಂದೆಂದೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರರಲ್ಲೊಂದು ಪಾಲನ್ನು ವಿಚಾರಣೆಯ ಹಂತದಲ್ಲೇ ಒಳಗೆ ಕಳೆದಿದ್ದರೆ ಅವನನ್ನು ಬಿಡಬೇಕು. ಮರಣದಂಡನೆ, ಜೀವಾವಧಿಯ ಆರೋಪಗಳಿಗೆ ಇದು ಅನ್ವಯಿಸದು. ಬೇರೆ ಖಟ್ಲೆಗಳು ಬಾಕಿಯಿದ್ದರೂ ಇಲ್ಲ. ಆ ದಿನ ತುಂಬಿತೆಂದು ಕೋರ್ಟಿಗೆ ಬರೆಯುವುದು ಜೈಲಧಿಕಾರಿಯ ಹೊಣೆ. ಆದರೆ ಹೊರಗೆ ಒಬ್ಬರು ದಿನ ಎಣಿಸುತ್ತ ಕೂತಿದ್ದರೆ ಕೆಲಸ ಬೇಗ ಆಗುತ್ತದೆ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ಎಂದರೆ ಅಪರಾಧ ಇನ್ನೂ ರುಜುವಾತಾಗದವರು. ಎಣಿಸುವವರು ಎಷ್ಟು ಬೇಕು, ನೀವೇ ಹೇಳಿ.

ಹೀಗೆ ಎಣಿಸುವವರು ಇಲ್ಲವೇ ಇಲ್ಲವೆಂದಲ್ಲ. ನಮ್ಮ ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಲ್ಲಿ ಹುಟ್ಟಿದ್ದು. ಅದರ 'ಪ್ರಯಾಸ್' ಶಾಖೆಯ ಕಾರ್ಯಕರ್ತರು 1990ರಿಂದ ಕೈದಿಗಳ ನಡುವೆ ಇದನ್ನೇ ಮಾಡುತ್ತ ಬಂದಿದ್ದಾರೆ. ಪದವಿಯ ನಂತರ ಅಂಥ ಕಡೆ ಮುಂದಿನ ವ್ಯಾಸಂಗಕ್ಕೆ ಹೋಗಬಹುದು. ಊರ ಕಡೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಮಂಗಳೂರಿನ ರೋಶನಿ ನಿಲಯದಲ್ಲೂ ಕಲಿಸುತ್ತಾರೆ. ವಿಜ್ಞಾನ ಓದಿದ ಮಕ್ಕಳಿಗೆ ಇನ್ನೊಂದು ದಾರಿಯಿದೆ. ಏಳು ವರುಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಹೋಗಲೇಬೇಕೆಂದು ಹೊಸ ಕಾಯಿದೆ ವಿಧಿಸಿ, ರಾಜ್ಯಗಳಿಗೆ ಐದು ವರುಷದ ಗಡುವು ಕೊಟ್ಟಿದೆ. ಆದ್ದರಿಂದ ಪ್ರಯೋಗಶಾಲೆಗಳಿಗೆ ಜನ ಬೇಕಾಗುತ್ತಾರೆ. ಆದರೆ ರಸಾಯನ, ಜೀವಶಾಸ್ತ್ರ ಬಿಟ್ಟು ಬರೇ ಕಲಾ ಪದವಿ ಹಿಡಿದು ಆ ಬಾಗಿಲು ತಟ್ಟಿ ಫಲವಿಲ್ಲ. ಹಣ ಕಟ್ಟುವ ಮೊದಲು ಪಾಲಕರು ಇದನ್ನು ಸ್ಪಷ್ಟವಾಗಿ ಕೇಳಿಕೊಳ್ಳಬೇಕು.

ಸಂಬಳ ದೊಡ್ಡದೆಂದು ನಾವು ಆಸೆ ಹುಟ್ಟಿಸುವುದಿಲ್ಲ. ಸಮಾಜಕಾರ್ಯದ ನೌಕರಿಗಳಲ್ಲಿ ಅದು ಅಷ್ಟಕ್ಕಷ್ಟೇ. ಮಗಳನ್ನೇ ನೆಚ್ಚಿ ಕೂತ ಮನೆಯಾದರೆ, ಪದವಿಯ ಬೆನ್ನಿಗೇ ಕಾಯಿದೆಯನ್ನೂ ಓದಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಮೊನ್ನೆ ಆ ಸದಸ್ಯರು ಮತ್ತೆ ಬಂದಿದ್ದರು. ಇದೆಲ್ಲವನ್ನೂ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, "ಧಾರವಾಡದಲ್ಲಿ ಹುಡುಗಿಯರ ವಸತಿಗೃಹ ಹೇಗಿದೆಯಂತೆ?" ಎಂದು ಕೇಳಿದರು. ಅಲ್ಲಿರುವ ನಮ್ಮ ಪರಿಚಯದವರಿಗೆ ಕಾಗದ ಬರೆದಿದ್ದೇವೆ, ಉತ್ತರ ಬರಬೇಕಾಗಿದೆ.